ಎಂಡ್ರಿಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮೈದಾನದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಆಟ ಮುಗಿದು ನೀರು ಕುಡಿಯುವ ಹೊತ್ತಿಗೆ ಪ್ರಶ್ನೆಗಳು ಶುರುವಾಗುತ್ತವೆ. ಈಚೆಗೆ ಅದರಲ್ಲಿ ಜಾಸ್ತಿ ಕೇಳಿಬರುವ ಹೆಸರು ಎಂಡ್ರಿಕ್. ಮಕ್ಕಳು ಗೋಲಿನ ಬಗ್ಗೆ ಕೇಳುತ್ತಾರೆ, ಅಪ್ಪ ಅಮ್ಮಂದಿರು ದುಡ್ಡಿನ ಬಗ್ಗೆ. ಉತ್ತರ ಹೇಳುತ್ತಾ ಹೇಳುತ್ತಾ ನನಗೆ ಒಂದು ವಿಷಯ ಹೊಳೆಯಿತು. ಎಲ್ಲರೂ ಈ ಹುಡುಗ ಎಷ್ಟು ಬೇಗ ಮೇಲೆ ಬಂದ ಅನ್ನುತ್ತಾರೆ. ಹತ್ತಿರದಿಂದ ನೋಡಿದರೆ ಅವನ ಕಥೆಯಲ್ಲಿ ಓಟಕ್ಕಿಂತ ಕಾಯುವುದೇ ಹೆಚ್ಚು. ಆ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಂಡ್ರಿಕ್ ಯಾರು?

ಪೂರ್ತಿ ಹೆಸರು ಎಂಡ್ರಿಕ್ ಫೆಲಿಪೆ ಮೊರೇರಾ ಡಿ ಸೌಸಾ. ಹುಟ್ಟಿದ್ದು 2006ರ ಜುಲೈ 21ರಂದು, ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾದ ಪಕ್ಕದ ಟಾಗ್ವಾಟಿಂಗಾದಲ್ಲಿ. ಎಡಗಾಲಿನ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು. ಸಾವೊ ಪಾಲೊ ನಗರದ ಪಾಲ್ಮೇರಾಸ್ ಕ್ಲಬ್ಬಿನಲ್ಲಿ ಬೆಳೆದು, 18 ತುಂಬಿದ ವಾರದಲ್ಲೇ ಸ್ಪೇನ್‌ನ ದೊಡ್ಡ ಕ್ಲಬ್ಬು ರಿಯಲ್ ಮ್ಯಾಡ್ರಿಡ್‌ನ ಅಂಗಿ ತೊಟ್ಟ.

ಹೆಸರನ್ನು ಹೇಗೆ ಹೇಳಬೇಕು?

ನಾವು ‘ಎಂಡ್ರಿಕ್’ ಅನ್ನುತ್ತೇವೆ. ಬ್ರೆಜಿಲ್‌ನವರ ಬಾಯಲ್ಲಿ ಅದು ‘ಎಂಡ್ರಿಕಿ’. ಅವರ ಪೋರ್ಚುಗೀಸ್‌ನಲ್ಲಿ ಕ್ ಎಂದು ಮುಗಿಯುವ ಪದಕ್ಕೆ ಕೊನೆಯಲ್ಲಿ ಒಂದು ಇಕಾರ ಸೇರಿಕೊಳ್ಳುತ್ತದೆ. ಬಸ್ಸು, ಕಾರು, ಬುಕ್ಕು ಅನ್ನುವ ನಮಗೆ ಇದು ಹೊಸದೇನಲ್ಲ ಅಲ್ವಾ? ನಮ್ಮಲ್ಲಿ ಉಕಾರ, ಅವರಲ್ಲಿ ಇಕಾರ.

ಮನೆಯಲ್ಲಿ ಊಟಕ್ಕೂ ಇರಲಿಲ್ಲ ಅಂತಾರೆ. ನಿಜವೇ?

ನಿಜ. ಎಂಡ್ರಿಕ್‌ನೇ ಇದನ್ನು ಹಲವು ಸಲ ಹೇಳಿಕೊಂಡಿದ್ದಾನೆ. ಹತ್ತು ವರ್ಷದ ಆಸುಪಾಸಿನಲ್ಲಿ ಒಂದು ದಿನ ಹಸಿವಾಗಿ ಅಪ್ಪನ ಹತ್ತಿರ ತಿನ್ನಲು ಕೇಳಿದ. ಮನೆಯಲ್ಲಿ ಏನೂ ಇರಲಿಲ್ಲ. ಅಪ್ಪ ಡಗ್ಲಸ್ ಅತ್ತುಬಿಟ್ಟರು. ಅಪ್ಪ ಅಳುವುದನ್ನು ನೋಡಿದ ಹುಡುಗ, ನಾನು ಫುಟ್‌ಬಾಲ್ ಆಟಗಾರನಾಗಿ ಮನೆಯನ್ನು ಇದರಿಂದ ಮೇಲೆತ್ತುತ್ತೇನೆ ಎಂದು ಮಾತು ಕೊಟ್ಟ.

ಇಂಥ ಕಥೆ ಕೇಳಿದಾಗ ನಮ್ಮ ಕಣ್ಣು ಹುಡುಗನ ಮೇಲೇ ಇರುತ್ತದೆ. ನನಗೆ ಮಾತ್ರ ಆ ಅಪ್ಪ ಜಾಸ್ತಿ ನೆನಪಾಗುತ್ತಾರೆ. ಮಗನ ಪ್ರತಿಭೆ ಅವರಿಗೆ ಮೊದಲೇ ಗೊತ್ತಿತ್ತು. ಅವನು ಹೊಡೆದ ಗೋಲುಗಳ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುತ್ತಿದ್ದರು. ಯಾವುದಾದರೂ ದೊಡ್ಡ ಕ್ಲಬ್ಬು ನೋಡಲಿ ಎಂಬ ಆಸೆ. ಕೈಯಲ್ಲಿ ಕಾಸಿಲ್ಲದ ಮನುಷ್ಯ ಮಗನಿಗಾಗಿ ಮಾಡಬಹುದಾದ ಕೆಲಸ ಅದೊಂದೇ ಆಗಿತ್ತು, ಅದನ್ನು ಬಿಡದೆ ಮಾಡಿದರು.

ಪಾಲ್ಮೇರಾಸ್ ಸೇರಿದ್ದು ಹೇಗೆ?

2017ರಲ್ಲಿ, 11ರ ವಯಸ್ಸಿನಲ್ಲಿ. ಬ್ರೆಸಿಲಿಯಾದಿಂದ ಸಾವೊ ಪಾಲೊಗೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ಅಷ್ಟು ಚಿಕ್ಕ ಹುಡುಗನನ್ನು ಒಬ್ಬನೇ ಕಳಿಸುವ ಹಾಗಿಲ್ಲ, ಮನೆಮಂದಿಯೇ ಹೊರಡಬೇಕು. ಹೊರಟರೆ ಅಲ್ಲಿ ಹೊಟ್ಟೆಪಾಡಿಗೆ ಏನು? ಕೊನೆಗೆ ಪಾಲ್ಮೇರಾಸ್ ಕ್ಲಬ್ಬಿನಲ್ಲೇ ಡಗ್ಲಸ್‌ಗೆ ಕಸ ಗುಡಿಸಿ ಒರೆಸುವ ಕೆಲಸ ಸಿಕ್ಕಿತು. ಮಗ ಒಂದು ಮೈದಾನದಲ್ಲಿ ಆಡುತ್ತಿದ್ದ, ಅಪ್ಪ ಅದೇ ಕ್ಲಬ್ಬಿನಲ್ಲಿ ಪೊರಕೆ ಹಿಡಿದಿದ್ದರು.

ಇಲ್ಲೊಂದು ಸಣ್ಣ ಸಂಗತಿ ಹೇಳಲೇಬೇಕು. ಡಗ್ಲಸ್‌ಗೆ ಹಲ್ಲಿನ ತೊಂದರೆ ಎಷ್ಟಿತ್ತೆಂದರೆ ಅಗಿಯಲು ಆಗುತ್ತಿರಲಿಲ್ಲ, ಸೂಪು ಕುಡಿದೇ ದಿನ ದೂಡುತ್ತಿದ್ದರು. ಇದು ಗೊತ್ತಾದಾಗ ಕ್ಲಬ್ಬಿನ ಹಿರಿಯ ಆಟಗಾರರು ದುಡ್ಡು ಹಾಕಿ ಅವರ ಹಲ್ಲು ಸರಿ ಮಾಡಿಸಿದರು. ಮುಂದೆ ಅದೇ ಆಟಗಾರರ ಡ್ರೆಸ್ಸಿಂಗ್ ರೂಮಿಗೆ ಎಂಡ್ರಿಕ್ ಕಾಲಿಟ್ಟಾಗ, ಅಲ್ಲಿದ್ದ ಎಷ್ಟೋ ಜನರಿಗೆ ಅವನು ಮೊದಲು ಗೊತ್ತಿದ್ದದ್ದು ಡಗ್ಲಸ್‌ನ ಮಗ ಎಂದೇ ಇರಬೇಕು.

ಪಾಲ್ಮೇರಾಸ್ ಎಂಥ ಕ್ಲಬ್ಬು?

1914ರಲ್ಲಿ ಇಟಲಿಯಿಂದ ವಲಸೆ ಬಂದವರು ಕಟ್ಟಿದ್ದು. ಮೊದಲ ಹೆಸರು ಪಲೆಸ್ಟ್ರಾ ಇಟಾಲಿಯಾ. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಹೆಸರು ಇಟ್ಟುಕೊಳ್ಳುವುದು ಕಷ್ಟವಾಗಿ 1942ರಲ್ಲಿ ಪಾಲ್ಮೇರಾಸ್ ಆಯಿತು. ಹಸಿರು ಅಂಗಿ. ಈಗ ಬ್ರೆಜಿಲ್‌ನಲ್ಲಿ ಮಕ್ಕಳನ್ನು ತಯಾರು ಮಾಡುವುದರಲ್ಲಿ ಇದರ ಹೆಸರು ತುಂಬ ಮೇಲಿದೆ. ಎಂಡ್ರಿಕ್ ಆದ ಮೇಲೆ ಲೂಯಿಸ್ ಗಿಲ್ಯೆರ್ಮಿ ವೆಸ್ಟ್ ಹ್ಯಾಮ್‌ಗೆ ಹೋದ, ವಿಟೊರ್ ರೇಸ್ ಮ್ಯಾಂಚೆಸ್ಟರ್ ಸಿಟಿಗೆ, ಎಸ್ಟೆವಾವ್ ಚೆಲ್ಸಿಗೆ. ಎಲ್ಲರೂ ಅದೇ ಅಕಾಡೆಮಿಯಿಂದ ಬಂದ ಹುಡುಗರು.

‘ಕೊಪಿನ್ಯಾ’ ಅಂದರೇನು? ಅಲ್ಲಿ ಅವನು ಏನು ಮಾಡಿದ?

ಸಾವೊ ಪಾಲೊ ಯುವ ಕಪ್‌ಗೆ ಜನ ಪ್ರೀತಿಯಿಂದ ಇಟ್ಟ ಹೆಸರು ಕೊಪಿನ್ಯಾ, ಅಂದರೆ ಪುಟ್ಟ ಕಪ್ಪು. ಪ್ರತಿ ಜನವರಿಯಲ್ಲಿ ನಡೆಯುತ್ತದೆ. ದೇಶದ ಮೂಲೆ ಮೂಲೆಯಿಂದ ನೂರಕ್ಕೂ ಹೆಚ್ಚು ಕ್ಲಬ್ಬುಗಳ ಹುಡುಗರು ಬರುತ್ತಾರೆ. ಸಾವೊ ಪಾಲೊ ನಗರದ ಹುಟ್ಟುಹಬ್ಬವಾದ ಜನವರಿ 25ರಂದು ಫೈನಲ್. ಆಗ ದೊಡ್ಡವರ ಲೀಗ್ ಇರುವುದಿಲ್ಲ. ಹಾಗಾಗಿ ಇಡೀ ದೇಶ ಟಿವಿ ಮುಂದೆ ಕೂತು ಹುಡುಗರ ಆಟ ನೋಡುತ್ತದೆ.

ಪಾಲ್ಮೇರಾಸ್ ಮಾತ್ರ ಈ ಕಪ್ಪನ್ನು ಒಮ್ಮೆಯೂ ಗೆದ್ದಿರಲಿಲ್ಲ. ಎದುರಾಳಿ ಅಭಿಮಾನಿಗಳು ವರ್ಷಗಟ್ಟಲೆ ಹಾಡು ಕಟ್ಟಿ ಇದನ್ನೇ ಹಂಗಿಸುತ್ತಿದ್ದರು. 2022ರಲ್ಲಿ ಸ್ಯಾಂಟೋಸ್ ವಿರುದ್ಧ 4-0 ಗೆಲುವಿನೊಂದಿಗೆ ಆ ಹಂಗು ತೀರಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು 18, 19, 20ರ ಹುಡುಗರು. ಎಂಡ್ರಿಕ್‌ಗೆ 15. ಆದರೂ ಟೂರ್ನಿಯ ಅತ್ಯುತ್ತಮ ಆಟಗಾರ ಅವನೇ. ಓಯೆಸ್ಟೆ ತಂಡದ ವಿರುದ್ಧ ಬೆನ್ನು ಗೋಲಿಗೆ ತಿರುಗಿಸಿ, ಗಾಳಿಯಲ್ಲಿ ಮಲಗಿ ಒದ್ದ ಬೈಸಿಕಲ್ ಕಿಕ್ ಲೋಕವೆಲ್ಲ ಸುತ್ತಿತು. ನಾನು ಅವನನ್ನು ಮೊದಲು ನೋಡಿದ್ದು ಆ ತುಣುಕಿನಲ್ಲೇ. ಒದ್ದು ಕೆಳಗೆ ಬಿದ್ದವನು ಏಳುವಷ್ಟರಲ್ಲಿ ನಗುತ್ತಿದ್ದ.

ಅಷ್ಟು ಹೆಸರು ಬಂದ ಮೇಲೂ ದೊಡ್ಡವರ ತಂಡದಲ್ಲಿ ತಕ್ಷಣ ಆಡಿಸಲಿಲ್ಲ ಏಕೆ?

ಕೋಚ್ ಅಬೆಲ್ ಫೆರೇರಾ ಬಿಡಲಿಲ್ಲ. ಪೋರ್ಚುಗಲ್‌ನ ಈ ಕೋಚ್ ಹಟವಾದಿ. ಅಭಿಮಾನಿಗಳು ಜನವರಿಯಿಂದಲೇ ‘ಹುಡುಗನನ್ನು ಇಳಿಸಿ’ ಎಂದು ಕೂಗುತ್ತಿದ್ದರು, ಪತ್ರಕರ್ತರು ಪ್ರತಿ ವಾರ ಅದನ್ನೇ ಕೇಳುತ್ತಿದ್ದರು. ಅಬೆಲ್ ಜಗ್ಗಲಿಲ್ಲ. ಜುಲೈಯಲ್ಲಿ 16 ತುಂಬಿತು, ವೃತ್ತಿಪರ ಒಪ್ಪಂದಕ್ಕೆ ಸಹಿ ಬಿತ್ತು. ಆಮೇಲೂ ಎರಡು ತಿಂಗಳಿಗೂ ಹೆಚ್ಚು ಕಾಯಿಸಿದರು.

ಕೊನೆಗೆ ಇಳಿಸಿದ್ದು 2022ರ ಅಕ್ಟೋಬರ್ 6ರಂದು, ಕೊರಿಚಿಬಾ ವಿರುದ್ಧ 4-0 ಗೆದ್ದ ಪಂದ್ಯದಲ್ಲಿ. ಪಾಲ್ಮೇರಾಸ್‌ನ ದೊಡ್ಡವರ ತಂಡದಲ್ಲಿ ಅಷ್ಟು ಚಿಕ್ಕ ವಯಸ್ಸಿನವರು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಅಕ್ಟೋಬರ್ 25ರಂದು ಅಥ್ಲೆಟಿಕೊ ಪರಾನಾಯೆನ್ಸೆ ಊರಿನಲ್ಲಿ ಬದಲಿ ಆಟಗಾರನಾಗಿ ಬಂದು ಎರಡು ಗೋಲು ಹೊಡೆದ. ನವೆಂಬರ್ 2ರಂದು ಫೋರ್ಟಲೇಜಾ ವಿರುದ್ಧ ಮೊದಲ ಬಾರಿಗೆ ಶುರುವಿನಿಂದಲೇ ಆಡಿದ, ಗೋಲೂ ಹೊಡೆದ. ಆ ರಾತ್ರಿಯೇ ಪಾಲ್ಮೇರಾಸ್ ರಾಷ್ಟ್ರೀಯ ಚಾಂಪಿಯನ್.

ಅಬೆಲ್ ಮಾಡಿದ್ದು ಸರಿ ಅಂತ ನನ್ನ ಖಚಿತ ಅಭಿಪ್ರಾಯ. 15ರ ಹುಡುಗನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. 28ರ ಡಿಫೆಂಡರ್ ಬಂದು ಗುದ್ದಿದರೆ ಆಗುವ ಗಾಯ ಒಂದು. ನಾಲ್ಕು ಪಂದ್ಯ ಕೆಟ್ಟದಾಗಿ ಆಡಿದರೆ ನಲವತ್ತು ಸಾವಿರ ಜನ ಹಾಕುವ ಶಿಳ್ಳೆಯಿಂದ ಆಗುವ ಗಾಯ ಇನ್ನೊಂದು. ಎರಡನೆಯದಕ್ಕೆ ಪ್ಲಾಸ್ಟರ್ ಹಾಕಲು ಆಗುವುದಿಲ್ಲ.

ರಿಯಲ್ ಮ್ಯಾಡ್ರಿಡ್ ಅವನನ್ನು ಎಷ್ಟಕ್ಕೆ ಕೊಂಡಿತು?

ಒಪ್ಪಂದ ಹೊರಬಿದ್ದದ್ದು 2022ರ ಡಿಸೆಂಬರ್ 15ರಂದು. ಅವನಿಗೆ ಹದಿನಾರೂವರೆಯೂ ಆಗಿರಲಿಲ್ಲ. ಪತ್ರಿಕೆಗಳಲ್ಲಿ ಬಂದ ಲೆಕ್ಕದ ಪ್ರಕಾರ 3.5 ಕೋಟಿ ಯುರೊ ಖಚಿತ ಮೊತ್ತ. ಅವನ ಆಟ ನೋಡಿಕೊಂಡು ಕೊಡುವ ಹೆಚ್ಚುವರಿ ಮೊತ್ತ 2.5 ಕೋಟಿ ಯುರೊ. ತೆರಿಗೆ ಬೇರೆ.

ಹಾಗಿದ್ದರೆ ಒಂದೂವರೆ ವರ್ಷ ಬ್ರೆಜಿಲ್‌ನಲ್ಲೇ ಏಕೆ ಉಳಿದ?

ಲೋಕದ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. 18 ತುಂಬದ ಆಟಗಾರನನ್ನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ಕೆಲವೇ ವಿನಾಯಿತಿಗಳಿವೆ. ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಪ್ಪ ಅಮ್ಮ ದೇಶ ಬದಲಿಸಿದರೆ ಸರಿ. ಯುರೋಪ್ ಒಕ್ಕೂಟದ ಒಳಗೇ ಆದರೆ 16 ತುಂಬಿದರೆ ಸಾಕು. ಗಡಿಯ ಅಕ್ಕಪಕ್ಕದ ಊರಿನವರಿಗೂ ಒಂದು ದಾರಿ ಇದೆ. ಬ್ರೆಜಿಲ್‌ನ ಹುಡುಗನಿಗೆ ಇದ್ಯಾವುದೂ ಹೊಂದುವುದಿಲ್ಲ. ಹಾಗಾಗಿ ಸಹಿ ಮೊದಲು ಆಯಿತು, ಪ್ರಯಾಣ 2024ರ ಜುಲೈಗೆ.

ಈ ನಿಯಮ ಸುಮ್ನೆ ಬಂದದ್ದಲ್ಲ. ಆಫ್ರಿಕಾದಿಂದ, ದಕ್ಷಿಣ ಅಮೆರಿಕದಿಂದ ಚಿಕ್ಕ ಹುಡುಗರನ್ನು ಯುರೋಪ್‌ಗೆ ಕರೆದೊಯ್ದು, ಆಟ ಹಿಡಿಸದಿದ್ದರೆ ಬೀದಿಯಲ್ಲಿ ಬಿಟ್ಟುಹೋದ ದಲ್ಲಾಳಿಗಳಿದ್ದರು. ಆ ಮಕ್ಕಳ ನೋವಿನಿಂದ ಹುಟ್ಟಿದ ನಿಯಮ ಇದು. ಮೈದಾನದಲ್ಲಿ ಯಾವ ತಂದೆಯಾದರೂ ‘ನಿಯಮ ಇಲ್ಲದಿದ್ದರೆ ಹುಡುಗ ಇನ್ನೂ ಬೇಗ ಮೇಲೆ ಬರುತ್ತಿದ್ದ’ ಅಂದರೆ ನಾನು ಒಪ್ಪುವುದಿಲ್ಲ. ಆ ಒಂದೂವರೆ ವರ್ಷ ಅವನು ತನ್ನ ಭಾಷೆಯಲ್ಲಿ, ತನ್ನ ಮನೆಯವರ ನಡುವೆ ಬೆಳೆದ. ಅವನ ಅತಿ ಒಳ್ಳೆಯ ಪಂದ್ಯ ಬಂದದ್ದೂ ಆ ದಿನಗಳಲ್ಲೇ.

ಇಂಥ ಮಾರಾಟದಿಂದ ಸಣ್ಣ ಕ್ಲಬ್ಬುಗಳಿಗೆ ಏನಾದರೂ ಸಿಗುತ್ತದೆಯೇ?

ಸಿಗುತ್ತದೆ. ದೇಶದಿಂದ ದೇಶಕ್ಕೆ ಆಟಗಾರ ಹೋದಾಗ ವರ್ಗಾವಣೆ ಮೊತ್ತದ ಶೇಕಡ 5ರಷ್ಟನ್ನು, 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ತಯಾರು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕು. ಕೇಳಲು ಸಣ್ಣ ಪಾಲು. ಆದರೆ ಒಳನಾಡಿನ ಒಂದು ಪುಟ್ಟ ಕ್ಲಬ್ಬಿಗೆ ಅಷ್ಟರಲ್ಲೇ ಹೊಸ ಮೈದಾನ ಆಗಬಹುದು.

2023ರಲ್ಲಿ ಅವನು ಮಂಕಾಗಿದ್ದ ಅಲ್ವಾ?

ಹೌದು, ಅದನ್ನು ಮುಚ್ಚಿಡಬೇಕಾಗಿಲ್ಲ. ಕೋಟಿಗಳ ಸುದ್ದಿ ಬಂದ ಮೇಲೆ ಪ್ರತಿ ಸಲ ಚೆಂಡು ಮುಟ್ಟಿದಾಗಲೂ ಜನ ಬೆಲೆ ಲೆಕ್ಕ ಹಾಕತೊಡಗಿದರು. ವರ್ಷದ ಮೊದಲ ಮೂರು ತಿಂಗಳು ಒಂದೂ ಗೋಲಿಲ್ಲ. ಏಪ್ರಿಲ್ 9ರಂದು ರಾಜ್ಯ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಆಗ್ವಾ ಸ್ಯಾಂಟಾ ವಿರುದ್ಧ ಗೋಲು ಬಂದಾಗ ಬರ ಮುರಿಯಿತು. ಆಮೇಲೂ ಬಹುಪಾಲು ಬೆಂಚಿನಲ್ಲೇ. ಆಗಸ್ಟ್‌ನಲ್ಲಿ ತಂಡದ ಹಿರಿಯ ಫಾರ್ವರ್ಡ್ ಡುಡು ಮೊಣಕಾಲಿನ ದೊಡ್ಡ ಗಾಯವಾಗಿ ಹೊರಗುಳಿದರು. ಅಬೆಲ್ ತಂಡದ ಜೋಡಣೆಯನ್ನೇ ಬದಲಿಸಿದರು. ಅಲ್ಲಿ ಎಂಡ್ರಿಕ್‌ಗೆ ಜಾಗ ಸಿಕ್ಕಿತು.

ಬೊಟಾಫೊಗೊ ಪಂದ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಲ್ಲಿ ಏನಾಯಿತು?

ಈ ಪ್ರಶ್ನೆಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

2023ರ ನವೆಂಬರ್ 1, ರಿಯೊದ ನಿಲ್ಟನ್ ಸ್ಯಾಂಟೋಸ್ ಕ್ರೀಡಾಂಗಣ. ನಮ್ಮಲ್ಲಿ ಆಗಲೇ ಮರುದಿನ. ಬೊಟಾಫೊಗೊ ಲೀಗ್‌ನ ಮೊದಲ ಸ್ಥಾನದಲ್ಲಿತ್ತು. 1995ರಿಂದ ಕಾಯುತ್ತಿದ್ದ ಚಾಂಪಿಯನ್ ಪಟ್ಟ ಇನ್ನೇನು ಕೈಗೆ ಬಂತು ಅನ್ನುವ ಹಾಗಿತ್ತು. ಅರ್ಧ ಆಟಕ್ಕೆ 3-0 ಮುಂದೆ. ಕ್ರೀಡಾಂಗಣದಲ್ಲಿ ಜಾತ್ರೆ.

ಎರಡನೇ ಅರ್ಧ ಶುರುವಾಗಿ ಕೆಲವೇ ನಿಮಿಷ. ಎಂಡ್ರಿಕ್ ಚೆಂಡು ಹಿಡಿದು ಡಿಫೆಂಡರ್‌ಗಳ ನಡುವೆ ನುಗ್ಗಿ ಗೋಲು ಹೊಡೆದ. 3-1. ಅವನು ಸಂಭ್ರಮಿಸಲಿಲ್ಲ. ಬಲೆಯೊಳಗಿನ ಚೆಂಡು ಎತ್ತಿಕೊಂಡು ಮಧ್ಯಕ್ಕೆ ಓಡಿದ. ಆಮೇಲೆ ಬೊಟಾಫೊಗೊದ ಡಿಫೆಂಡರ್ ಆದ್ರಿಯೆಲ್ಸನ್‌ಗೆ ಕೆಂಪು ಕಾರ್ಡ್. ಆದರೂ ಬೊಟಾಫೊಗೊಗೇ ಒಂದು ಪೆನಾಲ್ಟಿ ಸಿಕ್ಕಿತು. ಅದು ಒಳಗೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚಿಕಿನ್ಯೊ ಸೊರೆಸ್ ಹೊಡೆದದ್ದನ್ನು ಗೋಲ್‌ಕೀಪರ್ ವೆವೆರ್ಟನ್ ತಡೆದರು. ಅದರ ಬೆನ್ನಿಗೇ ಎಂಡ್ರಿಕ್‌ನ ಎರಡನೇ ಗೋಲು. ನಂತರ ಫ್ಲಾಕೊ ಲೋಪೆಸ್ ಸಮ ಮಾಡಿದರು. ಹೆಚ್ಚುವರಿ ಸಮಯದ ಒಂಬತ್ತನೇ ನಿಮಿಷದಲ್ಲಿ ಮುರಿಲೊ. 4-3.

ಆ ರಾತ್ರಿಯಿಂದ ಬೊಟಾಫೊಗೊ ಕುಸಿಯುತ್ತಾ ಹೋಗಿ ಐದನೇ ಸ್ಥಾನಕ್ಕೆ ಇಳಿಯಿತು. ಪಾಲ್ಮೇರಾಸ್ 12ನೇ ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ಕೊನೆಯ ಪಂದ್ಯದಲ್ಲಿ ಕ್ರುಜೇರೊ ವಿರುದ್ಧ 1-1 ಆದಾಗ ಆ ಒಂದು ಗೋಲು ಹೊಡೆದವನೂ ಎಂಡ್ರಿಕ್‌ನೇ. ಲೀಗ್‌ನಲ್ಲಿ ಆ ವರ್ಷ ಅವನ ಗೋಲು 11. ವಯಸ್ಸು 17.

ಆ ಪಂದ್ಯದ ಪೂರ್ತಿ ವಿಡಿಯೊವನ್ನು ನಮ್ಮ ಹುಡುಗರಿಗೆ ಒಮ್ಮೆ ತೋರಿಸಿದ್ದೆ. ಒಬ್ಬ ಹನ್ನೊಂದು ವರ್ಷದವನು ಕೇಳಿದ: ‘ಸರ್, ಮೊದಲ ಗೋಲು ಹೊಡೆದಾಗ ಅವನು ಏಕೆ ನಗಲಿಲ್ಲ?’ ಉಳಿದವರೇ ಉತ್ತರ ಹೇಳಿದರು: ‘ಇನ್ನೂ ಎರಡು ಬಾಕಿ ಇತ್ತಲ್ಲೋ.’

ಬ್ರೆಜಿಲ್ ತಂಡಕ್ಕೆ ಯಾವಾಗ ಬಂದ?

ಬೊಟಾಫೊಗೊ ಪಂದ್ಯವಾದ ಒಂದು ವಾರದೊಳಗೆ ಕೋಚ್ ಫೆರ್ನಾಂಡೊ ಡಿನಿಜ್ ಕರೆದರು. ನವೆಂಬರ್ 16ರಂದು ಬರಾಂಕ್ವಿಲಾದಲ್ಲಿ ಕೊಲಂಬಿಯಾ ವಿರುದ್ಧ ಮೊದಲ ಪಂದ್ಯ. 1994ರ ರೊನಾಲ್ಡೊ ನಂತರ ಬ್ರೆಜಿಲ್‌ಗೆ ಅಷ್ಟು ಚಿಕ್ಕವನು ಆಡಿರಲಿಲ್ಲ. ಬ್ರೆಜಿಲ್ 2-1 ಸೋತಿತು. ಕೊಲಂಬಿಯಾದ ಎರಡೂ ಗೋಲು ಲೂಯಿಸ್ ಡಿಯಾಸ್ ಅವರದು. ಅಪಹರಣಕ್ಕೊಳಗಾಗಿ ಕೆಲವೇ ದಿನಗಳ ಹಿಂದೆ ಬಿಡುಗಡೆಯಾಗಿದ್ದ ಅವರ ಅಪ್ಪ ಗ್ಯಾಲರಿಯಲ್ಲಿ ಕೂತು ಅಳುತ್ತಿದ್ದರು. ಎಂಡ್ರಿಕ್‌ನ ಮೊದಲ ಪಂದ್ಯ ಅಂದಾಗ ನನ್ನ ಕಣ್ಣಿಗೆ ಬರುವುದು ಆ ಅಪ್ಪನ ಮುಖ.

ಲಂಡನ್‌ನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ರಾತ್ರಿ ಬಂದದ್ದು 2024ರ ಮಾರ್ಚ್ 23ರಂದು. ನಮಗೆ ರಾತ್ರಿ ಹನ್ನೆರಡೂವರೆಗೆ ಆಟ ಶುರು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ನಾನು ಮೊಬೈಲ್ ಸದ್ದು ಅಡಗಿಸಿ ನೋಡುತ್ತಿದ್ದೆ. ಎರಡು ಗಂಟೆ ದಾಟಿತ್ತು, ಇನ್ನೂ 0-0. ಬದಲಿಯಾಗಿ ಎಂಡ್ರಿಕ್ ಬಂದಿದ್ದ. 80ನೇ ನಿಮಿಷದಲ್ಲಿ ಬ್ರೆಜಿಲ್‌ನ ವಿನಿಸಿಯಸ್ ಒಬ್ಬರೇ ನುಗ್ಗಿ ಹೊಡೆದದ್ದನ್ನು ಇಂಗ್ಲೆಂಡ್ ಗೋಲ್‌ಕೀಪರ್ ಪಿಕ್‌ಫೋರ್ಡ್ ತಡೆದರು. ಚೆಂಡು ಬಿದ್ದದ್ದು ಎಂಡ್ರಿಕ್ ಕಾಲ ಹತ್ತಿರ. ಒಂದೇ ತಟ್ಟು, ಗೋಲು. ವೆಂಬ್ಲಿಯಲ್ಲಿ ಗೋಲು ಹೊಡೆದ ಅತಿ ಕಿರಿಯ ಪುರುಷ ಆಟಗಾರ ಅವನಾದ. ಇಂಗ್ಲೆಂಡ್ 0, ಬ್ರೆಜಿಲ್ 1. ಕೂಗಬಾರದೆಂದು ದಿಂಬು ಕಚ್ಚಿಕೊಂಡು ಕೂತಿದ್ದೆ.

ಮೂರು ದಿನದ ನಂತರ ಸ್ಪೇನ್ ವಿರುದ್ಧ 3-3 ಆದ ಪಂದ್ಯದಲ್ಲಿ ಇನ್ನೊಂದು ಗೋಲು. ಅದು ನಡೆದದ್ದು ಬರ್ನಬ್ಯೂ ಕ್ರೀಡಾಂಗಣದಲ್ಲಿ, ಅಂದರೆ ನಾಲ್ಕು ತಿಂಗಳ ನಂತರ ಅವನ ಮನೆಯಾಗಲಿದ್ದ ಜಾಗದಲ್ಲೇ. ಜೂನ್‌ನಲ್ಲಿ ಟೆಕ್ಸಾಸ್‌ನಲ್ಲಿ ಮೆಕ್ಸಿಕೊ ವಿರುದ್ಧ ಕೊನೆ ಗಳಿಗೆಯಲ್ಲಿ ತಲೆಯಿಂದ ಹೊಡೆದು 3-2 ಗೆಲ್ಲಿಸಿದ.

ಹಾಗಿದ್ದರೆ ಮುಂದಿನ ಪೆಲೆ ಇವನೇನಾ?

ಈ ಪ್ರಶ್ನೆ ನನಗೆ ಇಷ್ಟವಿಲ್ಲ. ಆದರೂ ಹೇಳುತ್ತೇನೆ. ಪೆಲೆ ಬ್ರೆಜಿಲ್‌ಗೆ ಮೊದಲ ಗೋಲು ಹೊಡೆದಾಗ 16, ವಿಶ್ವಕಪ್ ಗೆದ್ದಾಗ 17. ಆದರೆ ಅವರು ಹದಿನೆಂಟು ವರ್ಷ ಸ್ಯಾಂಟೋಸ್‌ನಲ್ಲೇ ಆಡಿದರು, ಯುರೋಪ್‌ಗೆ ಹೋಗಲೇ ಇಲ್ಲ. ಈಗಿನ ಹುಡುಗ 16ಕ್ಕೇ ಮಾರಾಟವಾಗಿರುತ್ತಾನೆ. ಎರಡು ಬೇರೆ ಕಾಲ, ಬೇರೆ ಬದುಕು. ಎಂಡ್ರಿಕ್–ರಿಯಲ್ ಒಪ್ಪಂದ ಹೊರಬಿದ್ದ ಎರಡು ವಾರಕ್ಕೆ, ಡಿಸೆಂಬರ್ 29ರಂದು ಪೆಲೆ ತೀರಿಕೊಂಡರು. ಆಗಿನಿಂದ ಜನ ಈ ಹೋಲಿಕೆಯನ್ನು ಇನ್ನೂ ಜಾಸ್ತಿ ಮಾಡುತ್ತಿದ್ದಾರೆ. ಹುಡುಗನ ಹೆಗಲ ಮೇಲೆ ಅಷ್ಟು ಭಾರ ಹೇರುವುದು ಸರಿಯಲ್ಲ.

ಜೊತೆಗಾರರು ಅವನನ್ನು ‘ಬಾಬಿ’ ಅನ್ನುವುದೇಕೆ?

ಮೆಚ್ಚಿನ ಹಳೆಯ ಆಟಗಾರರಲ್ಲಿ ಅವನು ಇಂಗ್ಲೆಂಡ್‌ನ ಬಾಬಿ ಚಾರ್ಲ್‌ಟನ್ ಹೆಸರು ಹೇಳಿದ್ದ. 2006ರಲ್ಲಿ ಹುಟ್ಟಿದವನ ಬಾಯಲ್ಲಿ 1966ರ ವಿಶ್ವಕಪ್ ಗೆದ್ದವರ ಹೆಸರು ಕೇಳಿ ಜೊತೆಗಾರರಿಗೆ ಆಶ್ಚರ್ಯ. ಅಡ್ಡಹೆಸರು ಅಂಟಿಕೊಂಡಿತು. ಹಳೆಯ ಪಂದ್ಯಗಳನ್ನು ಹುಡುಕಿ ನೋಡುವ ಹುಡುಗರು ನನಗೂ ಇಷ್ಟ.

ಅವನ ಆಟದಲ್ಲಿ ವಿಶೇಷ ಏನು?

ಎತ್ತರ 1.73 ಮೀಟರ್ ಅಷ್ಟೇ, ಆದರೆ ಮೈ ಗಟ್ಟಿ. ತೊಡೆ ನೋಡಿದರೆ ಪೈಲ್ವಾನನ ತೊಡೆ. ಬೆನ್ನಿಗೆ ಡಿಫೆಂಡರ್ ಆತುಕೊಂಡಿದ್ದರೂ ಅಲುಗುವುದಿಲ್ಲ, ಅದೇ ಜಾಗದಲ್ಲಿ ತಿರುಗುತ್ತಾನೆ. ಕಾಲನ್ನು ಹಿಂದಕ್ಕೆ ಜಾಸ್ತಿ ಎಳೆಯದೆ ಹೊಡೆಯುತ್ತಾನೆ. ಹಾಗಾಗಿ ಗೋಲ್‌ಕೀಪರ್‌ಗೆ ಯಾವಾಗ ಹೊಡೆಯುತ್ತಾನೆಂದು ತಿಳಿಯುವುದು ಕಷ್ಟ. ಕೊರತೆಯೂ ಇದೆ. ಬಲಗಾಲು ಎಡಗಾಲಿನಷ್ಟು ಪಳಗಿಲ್ಲ. ಪಾಸ್ ಕೊಡಬೇಕಾದ ಕಡೆ ತಾನೇ ಹೊಡೆಯಲು ನೋಡುತ್ತಾನೆ.

ಮ್ಯಾಡ್ರಿಡ್‌ನಲ್ಲಿ ಏನಾಯಿತು?

2024ರ ಜುಲೈ 27ರಂದು ಬರ್ನಬ್ಯೂದಲ್ಲಿ ಅವನನ್ನು ಅಭಿಮಾನಿಗಳಿಗೆ ಪರಿಚಯಿಸಿದರು. ಮಾತಾಡಲು ನಿಂತವನು ಅತ್ತುಬಿಟ್ಟ. ಆಗಸ್ಟ್ 25ರಂದು ವಯಾಡೊಲಿಡ್ ವಿರುದ್ಧ ಕೊನೆಯ ಕೆಲವು ನಿಮಿಷ ಸಿಕ್ಕಿತು, ಅದರಲ್ಲೇ ಗೋಲು. ಸೆಪ್ಟೆಂಬರ್ 17ರಂದು ಯುರೋಪ್‌ನ ದೊಡ್ಡ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಮೊದಲ ಪಂದ್ಯ, ಸ್ಟುಟ್‌ಗಾರ್ಟ್ ಎದುರು. ಕೊನೆಯ ಗಳಿಗೆಯಲ್ಲಿ ಚೆಂಡು ಹಿಡಿದು ಮೈದಾನದ ಉದ್ದಕ್ಕೂ ಓಡಿದ. ಪಾಸ್ ಕೊಡಲು ಪಕ್ಕದಲ್ಲಿ ಜೊತೆಗಾರರಿದ್ದರು. ಕೊಡಲಿಲ್ಲ. ದೂರದಿಂದಲೇ ಹೊಡೆದ, ಗೋಲಾಯಿತು. ಆ ಟೂರ್ನಿಯಲ್ಲಿ ಮ್ಯಾಡ್ರಿಡ್ ಪರ ಗೋಲು ಹೊಡೆದ ಅತಿ ಕಿರಿಯ ಎಂಬ, ಹಿಂದಿನ ಆಟಗಾರ ರೌಲ್ ಅವರ ದಾಖಲೆ ಮುರಿಯಿತು. ತಪ್ಪಿದ್ದರೆ ಬೈಗುಳ ತಿನ್ನುತ್ತಿದ್ದ.

ಆಮೇಲೆ ಬೆಂಚು. ಮುಂದೆ ಎಂಬಾಪೆ, ವಿನಿಸಿಯಸ್, ರಾಡ್ರಿಗೊ. ಆ ಸಾಲಿನಲ್ಲಿ 18ರ ಹುಡುಗನಿಗೆ ಜಾಗ ಎಲ್ಲಿಂದ ಬರಬೇಕು? ಸ್ಪೇನ್‌ನ ರಾಜನ ಕಪ್‌ನಲ್ಲಿ ಮಾತ್ರ ಅವಕಾಶ ಸಿಗುತ್ತಿತ್ತು, ಅದನ್ನು ಚೆನ್ನಾಗಿ ಬಳಸಿಕೊಂಡ. ಸೆಲ್ಟಾ ವಿರುದ್ಧ ಎರಡು ಗೋಲು, ಅದರಲ್ಲೊಂದು ಹಿಮ್ಮಡಿಯಿಂದ. ಸೆಮಿಫೈನಲ್‌ನಲ್ಲಿ ರಿಯಲ್ ಸೊಸಿಡಾಡ್ ಊರಿನಲ್ಲಿ ಗೆಲುವಿನ ಒಂದೇ ಗೋಲು. ಒಟ್ಟು ಆ ಸೀಸನ್‌ನಲ್ಲಿ 37 ಪಂದ್ಯ, 7 ಗೋಲು, ಅದರಲ್ಲಿ ಐದು ಆ ಕಪ್‌ನಲ್ಲೇ. 2025ರ ಮೇ ತಿಂಗಳಲ್ಲಿ ತೊಡೆಯ ಹಿಂಭಾಗಕ್ಕೆ ಗಾಯವಾಯಿತು. ಹೊಸ ಕೋಚ್ ಚಾಬಿ ಅಲೊನ್ಸೊ ಕಾಲದಲ್ಲಿ ಬೆನ್ನ ಮೇಲೆ 9ನೇ ನಂಬರ್ ಬಂತು, ಆದರೆ ಆಡಲು ನಿಮಿಷಗಳು ಬರಲಿಲ್ಲ.

ಅಂದ್ರೆ ಸೋತ ಅಂತಲೇ ಅರ್ಥವೇ?

ಖಂಡಿತ ಇಲ್ಲ. ಇದೇ ಮ್ಯಾಡ್ರಿಡ್‌ಗೆ 2018ರಲ್ಲಿ ಬಂದ ವಿನಿಸಿಯಸ್ ಅವರನ್ನು ನೆನಪಿಸಿಕೊಳ್ಳಿ. ಮೂರು ವರ್ಷ ‘ಗೋಲ್ ಹೊಡೆಯಲು ಬರಲ್ಲ’ ಎಂದು ಲೋಕವೆಲ್ಲ ನಕ್ಕಿತು. 2022ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಒಂದೇ ಗೋಲು, ಅದು ಅವರದು. ಇನ್ನೊಂದು ಬದಿಯೂ ಇದೆ. 2020ರಲ್ಲಿ ಫ್ಲಮೆಂಗೊದಿಂದ 3 ಕೋಟಿ ಯುರೊಗೆ ಬಂದ ರೈನಿಯೆರ್ ಮ್ಯಾಡ್ರಿಡ್‌ನ ಮೊದಲ ತಂಡಕ್ಕೆ ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. ಬ್ರೆಜಿಲ್‌ನ ಇನ್ನೊಬ್ಬ ಹುಡುಗ ವಿಟೊರ್ ರೋಕಿ ಬಾರ್ಸಿಲೋನಾಗೆ ಹೋಗಿ ಒಂದು ವರ್ಷದಲ್ಲಿ ಬ್ರೆಜಿಲ್‌ಗೆ ವಾಪಸ್ಸಾದ, ಅದೂ ಪಾಲ್ಮೇರಾಸ್‌ಗೆ. ಮೂವರೂ ಪ್ರತಿಭಾವಂತರೇ. ಯಾರಿಗೆ ಎಷ್ಟು ಆಟ ಸಿಕ್ಕಿತು, ಯಾವಾಗ ಸಿಕ್ಕಿತು ಅನ್ನುವುದೇ ದೊಡ್ಡ ವ್ಯತ್ಯಾಸ.

ಲಿಯೋನ್‌ಗೆ ಏಕೆ ಹೋದ?

ಆಡಲು. 2025ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಲಿಯೋನ್ ಕ್ಲಬ್ಬಿಗೆ ಸೀಸನ್ ಮುಗಿಯುವವರೆಗೆ ಎರವಲಿನ ಮೇಲೆ ಕಳಿಸಿದರು. ಒಳ್ಳೆಯ ಆಯ್ಕೆ ಅಂತ ನನಗೆ ಅನ್ನಿಸಿತು. ಲಿಯೋನ್‌ಗೆ ಬ್ರೆಜಿಲ್‌ನವರು ಹೊಸಬರಲ್ಲ. 2002ರಿಂದ 2008ರವರೆಗೆ ಸತತ ಏಳು ಸಲ ಫ್ರಾನ್ಸ್ ಚಾಂಪಿಯನ್ ಆದಾಗ ಆ ತಂಡದ ಜೀವ ಜುನಿನ್ಯೊ ಪೆರ್ನಾಂಬುಕಾನೊ. ಆಮೇಲೆ ಬ್ರೂನೊ ಗಿಮರೇಸ್, ಲೂಕಸ್ ಪಕೆಟಾ ಅಲ್ಲಿಂದಲೇ ಇಂಗ್ಲೆಂಡ್‌ಗೆ ಹೋದರು. ಅವನು ಸೇರಿದಾಗ ಅಲ್ಲಿನ ಕೋಚ್ ಪೌಲೊ ಫೊನ್ಸೆಕಾ, ಅಬೆಲ್ ಹಾಗೆ ಪೋರ್ಚುಗೀಸ್ ಮಾತಾಡುವವರು. ತಪ್ಪು ಮಾಡಿದಾಗ ಬೈಯುವುದೂ ನಮ್ಮ ಭಾಷೆಯಲ್ಲೇ ಆದರೆ ಹುಡುಗರಿಗೆ ಬೇಗ ಅರ್ಥವಾಗುತ್ತದೆ. ಭಾನುವಾರದ ಮೈದಾನದಲ್ಲಿ ನಾನು ಕಂಡುಕೊಂಡದ್ದು ಅದು.

ನಮ್ಮೂರಿನಲ್ಲಿ ಬ್ರೆಜಿಲ್ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು?

ಬೆಂಗಳೂರಿನ ಹಲಸೂರು ಕಡೆಯ ಗೌತಮಪುರಕ್ಕೆ ಒಮ್ಮೆ ಹೋಗಿ ನೋಡಿ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಜೊತೆಗೆ ಪೆಲೆಯ ಪ್ರತಿಮೆಯೂ ಅಲ್ಲಿದೆ. ವಿಶ್ವಕಪ್ ಬಂದರೆ ಬೀದಿಯೆಲ್ಲ ಹಳದಿ. ಬಡ ಕೇರಿಯ ಹುಡುಗ ಬರಿಗಾಲಲ್ಲಿ ಆಡಿ ಲೋಕ ಗೆದ್ದ ಕಥೆ ಆ ಬೀದಿಯವರಿಗೆ ತಮ್ಮದೇ ಅನ್ನಿಸಿದೆ.

ನನ್ನ ಮಗನೂ ಸ್ಟ್ರೈಕರ್. ಎಂಡ್ರಿಕ್‌ನ ಯಾವ ವಿಡಿಯೊ ತೋರಿಸಲಿ?

ಬೈಸಿಕಲ್ ಕಿಕ್ ಬೇಡ. ವೆಂಬ್ಲಿಯ ಗೋಲು ತೋರಿಸಿ. ಆದರೆ ಚೆಂಡಿನ ಮೇಲೆ ಕಣ್ಣಿಡಬೇಡ ಎಂದು ಮೊದಲೇ ಹೇಳಿ. ವಿನಿಸಿಯಸ್ ಗೋಲಿನತ್ತ ಓಡುವಾಗ ಪರದೆಯ ಇನ್ನೊಂದು ಬದಿಯಲ್ಲಿ ಒಬ್ಬ ಹುಡುಗ ಓಡಿ ಬರುತ್ತಿರುತ್ತಾನೆ. ಚೆಂಡು ತನಗೆ ಬರುತ್ತದೆ ಅನ್ನುವ ಖಾತ್ರಿ ಅವನಿಗಿಲ್ಲ. ವಿನಿಸಿಯಸ್ ಹೊಡೆದ ಮೇಲೂ ಅವನು ನಿಲ್ಲುವುದಿಲ್ಲ. ಆ ಎರಡು ಸೆಕೆಂಡನ್ನು ನಿಧಾನಗತಿಯಲ್ಲಿ ಹಾಕಿ, ಮೂರು ನಾಲ್ಕು ಸಲ ತೋರಿಸಿ. ಆಮೇಲೆ ಮಗನನ್ನು ಮೈದಾನಕ್ಕೆ ಕರೆದುಕೊಂಡು ಬನ್ನಿ. ನಾವು ಆರೂವರೆಗೆ ಶುರು ಮಾಡುತ್ತೇವೆ.